ನಾನೆಂಬ ಜಾನುವಾರು

ಮಗಳು ಪಶುವೈದ್ಯಕೀಯ ಓದುತ್ತಿದ್ದಾಳೆ ಎಂದ ಕೂಡಲೇ ಜನ ಕೇಳುವುದು, ‘ಅಯ್ಯೋ, ಎಂಬಿಬಿಎಸ್ ಸಿಗಲಿಲ್ವಾ?’ ಅಂತ. ಕೌನ್ಸೆಲಿಂಗ್ ದಿನ ನಾನೂ ಅದೇ ಮುಖ ಹೊತ್ತು ಕೂತಿದ್ದವನೇ. ಈಗ ಮಾತ್ರ ಬೀಗಿಕೊಂಡು ಹೇಳುತ್ತೇನೆ: ಎಂಬಿಬಿಎಸ್‌ನವರು ಓದುವುದು ಒಂದೇ ಪ್ರಾಣಿಯನ್ನು, ಅದೂ ಎಲ್ಲಿ ನೋವು ಅಂತ ಬಾಯಿಬಿಟ್ಟು ಹೇಳುವಂಥದ್ದನ್ನು. ನಮ್ಮವಳು ಹಸು, ಎಮ್ಮೆ, ಕುದುರೆ, ಕುರಿ, ಮೇಕೆ, ಹಂದಿ, ನಾಯಿ, ಬೆಕ್ಕು, ಕೋಳಿ ಇಷ್ಟನ್ನೂ ಓದಬೇಕು. ಈ ಪೈಕಿ ನಮ್ಮ ಮನೆಯಲ್ಲಿ ಒಂದೂ ಇಲ್ಲ. ಆರ್.ಟಿ. ನಗರದ ಎರಡನೇ ಮಹಡಿಯ ಬಾಡಿಗೆ ಮನೆ. ಮಾಲೀಕರು ಅಕ್ವೇರಿಯಂಗೂ ಒಪ್ಪುವವರಲ್ಲ. ಹಾಗಾಗಿ ಪ್ರಾಕ್ಟಿಕಲ್ ಹತ್ತಿರ ಬಂದಾಗಲೆಲ್ಲ ಅಷ್ಟೂ ಪಾತ್ರಗಳನ್ನು ನಾನೊಬ್ಬನೇ ನಿಭಾಯಿಸುತ್ತೇನೆ.

ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು 1958ರಿಂದ ಅಲ್ಲೇ ಇದೆ. ಅದರ ಮುಂದೆ ಬಸ್ಸಿನಲ್ಲಿ ವರ್ಷಗಟ್ಟಲೆ ಓಡಾಡಿದವನು ನಾನು. ಒಳಗೆ ಏನು ನಡೆಯುತ್ತದೆ ಅಂತ ಯೋಚಿಸಿದವನಲ್ಲ. ಈಗ ಒಳಗಿನದೆಲ್ಲ ಸಂಜೆ ನಮ್ಮ ಮನೆಗೇ ಬರುತ್ತದೆ, ಮುಖ್ಯವಾಗಿ ವಾಸನೆ. ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷದ ಕೋರ್ಸು. ಹಿಂದೆ ಸೆಮಿಸ್ಟರ್ ಇತ್ತಂತೆ, ಈಗ ವರ್ಷದ ಪದ್ಧತಿ. ಹೆಸರು ಬದಲಾದರೆ ಏನಾಯಿತು, ಇಂಟರ್ನಲ್ಲು, ಪ್ರಾಕ್ಟಿಕಲ್ಲು, ವೈವಾ ಮೂರೂ ಒಂದೇ ವಾರ ಮೈಮೇಲೆ ಬಂದಾಗ ಮನೆಗೆ ಯಾವ ಪದ್ಧತಿಯೂ ಇರುವುದಿಲ್ಲ. ಊಟದ ಟೇಬಲ್ ಅವಳದ್ದು. ನಮ್ಮ ತಟ್ಟೆ ತೊಡೆಯ ಮೇಲೆ.

ನನ್ನ ಜಾನುವಾರು ವೃತ್ತಿ ಶುರುವಾದದ್ದು ಮೊದಲ ವರ್ಷದಲ್ಲಿ, ಹಸು ಕೆಡವುವ ಪಾಠದಿಂದ. ಕೆಡವುವುದು ಅಂದರೆ ತಳ್ಳುವುದಲ್ಲ. ಒಂದೇ ಹಗ್ಗವನ್ನು ಕೊಂಬಿನ ಬುಡಕ್ಕೆ ಕಟ್ಟಿ, ಮುಂಗಾಲಿನ ಹಿಂದೆ ಎದೆಗೊಂದು ಸುತ್ತು, ಕೆಚ್ಚಲಿನ ಮುಂದೆ ಹೊಟ್ಟೆಗೊಂದು ಸುತ್ತು ಹಾಕಿ ಹಿಂದಕ್ಕೆ ನೇರವಾಗಿ ಎಳೆದರೆ ಎಂಥ ಹಸುವೂ ತಾನಾಗಿ ಕಾಲು ಮಡಚಿ ಮಲಗುತ್ತದಂತೆ. ರ‍್ಯೂಫ್ ವಿಧಾನ ಅಂತ ಹೆಸರು. ಭಾನುವಾರ ಮಧ್ಯಾಹ್ನ ಮುದ್ದೆ ಉಂಡು ನಿಂತಿದ್ದ ನನಗೆ ಬಟ್ಟೆ ಒಣಹಾಕುವ ಹಗ್ಗದಲ್ಲಿ ಈ ಎಲ್ಲ ಸುತ್ತುಗಳೂ ಬಿದ್ದವು. ಕೊಂಬಿಲ್ಲದ್ದಕ್ಕೆ ಹೆಗಲಿಗೆ ಕಟ್ಟಿದಳು. ನಾನು ನಿಧಾನವಾಗಿ ಕಾಲು ಮಡಚಿ ಮಲಗಿದೆ.

‘ಅಪ್ಪಾ, ನಾನಿನ್ನೂ ಎಳೆದೇ ಇಲ್ಲ’ ಅಂದಳು.

‘ಅವರನ್ನ ಮಲಗಿಸೋಕೆ ಹಗ್ಗ ಯಾಕೆ ಬೇಕೇ?’ ಅಂತ ಅಡುಗೆಮನೆಯಿಂದ ನನ್ನಾಕೆ.

ಆಮೇಲೆ ಬಡ್ತಿಯ ಮೇಲೆ ಬಡ್ತಿ. ದನಕ್ಕೆ ಮೇಲ್ದವಡೆಯಲ್ಲಿ ಮುಂದಿನ ಹಲ್ಲಿಲ್ಲ, ಅಲ್ಲಿರುವುದು ಗಟ್ಟಿಯಾದ ವಸಡಿನ ಮೆತ್ತೆ ಅಂತ ಓದಿದ ರಾತ್ರಿ, ನನ್ನ ಮೇಲಿನ ಹಲ್ಲಿನ ಸೆಟ್ಟು ಲೋಟದಲ್ಲಿ ನೆನೆಯುತ್ತಿತ್ತು. ಅವಳು ಟಾರ್ಚ್ ಹಾಕಿ ನನ್ನ ಬಾಯೊಳಗೆ ನೋಡಿ ಬಹಳ ಸಂತೋಷಪಟ್ಟಳು. ಇಷ್ಟು ಸಂತೋಷ ನನ್ನ ಪ್ರಮೋಷನ್ ದಿನವೂ ಅವಳ ಮುಖದಲ್ಲಿ ಕಂಡಿರಲಿಲ್ಲ.

ಒಮ್ಮೆ ನನಗೆ ಮೈ ಬಿಸಿಯಾಗಿ ಥರ್ಮಾಮೀಟರ್ 99 ತೋರಿಸಿತು. ರಜೆ, ಗಂಜಿ, ಸ್ವಲ್ಪ ಅನುಕಂಪ ಇಷ್ಟು ನನ್ನ ನಿರೀಕ್ಷೆ. ಮಗಳು ಪುಸ್ತಕದಿಂದ ತಲೆ ಎತ್ತದೆ, ‘ಹಸುವಿಗೆ ನಾರ್ಮಲ್ಲೇ 101.5. ಕೋಳಿಗೆ ಇನ್ನೂ ಜಾಸ್ತಿ. 99 ಅಂದರೆ ತಣ್ಣಗಾಗ್ತಾ ಇದೀಯ ಅಂತ ಅರ್ಥ’ ಅಂದಳು. ಆಮೇಲೆ ಸೋಫಾದಲ್ಲಿ ಒಂದು ಪಕ್ಕಕ್ಕೆ ಕುತ್ತಿಗೆ ಹೊರಳಿಸಿ ಮೊಬೈಲ್ ನೋಡುತ್ತಿದ್ದ ನನ್ನನ್ನು ಕಂಡು ಅವಳ ಕಣ್ಣು ಮಿನುಗಿತು. ಕರು ಹಾಕಿದ ಹಸುವಿಗೆ ಹಾಲು ಜ್ವರ ಅಂತ ಬರುತ್ತದೆ. ಹೆಸರಷ್ಟೇ ಜ್ವರ, ಮೈ ಬಿಸಿ ಏರುವುದೇ ಇಲ್ಲ, ಇಳಿಯುತ್ತದೆ. ಹಾಲಿಗೆ ಕ್ಯಾಲ್ಸಿಯಂ ಎಲ್ಲ ಹರಿದುಹೋಗಿ ರಕ್ತದಲ್ಲಿ ಕಡಿಮೆ ಬಿದ್ದು, ಹಸು ಎದ್ದು ನಿಲ್ಲಲಾರದೆ ಕುತ್ತಿಗೆಯನ್ನು ಪಕ್ಕೆಗೆ ತಿರುಗಿಸಿಕೊಂಡು ಕೂತುಬಿಡುತ್ತದೆ. ‘ಅಮ್ಮಾ, ಬೇಗ ಬಾ, ಪುಸ್ತಕದ ಚಿತ್ರ ಇದ್ದ ಹಾಗೇ ಇದೆ!’ ತಾಯಿ ಮಗಳು ನನ್ನ ಫೋಟೋ ತೆಗೆದರು. ಆ ಪಾಠದಲ್ಲಿ ಅವಳ ಗೆಳತಿಯರೆಲ್ಲ ಪಾಸಾದದ್ದು ಆ ಫೋಟೋದಿಂದ ಅಂತ ನನ್ನ ನಂಬಿಕೆ.

ನನ್ನಾಕೆಯೂ ಪಕ್ಕದಲ್ಲೇ ಓದಿಕೊಂಡಳು. ಒಗ್ಗರಣೆ ಹಾಕುತ್ತಲೇ ಅವಳು ಗರ್ಭದ ಅವಧಿ ಕೇಳಬೇಕು, ಇವಳು ಒಪ್ಪಿಸಬೇಕು: ಹಸು 280 ದಿನ, ಎಮ್ಮೆ 310, ಕುರಿ-ಮೇಕೆ 150, ಹಂದಿ 114, ನಾಯಿ 63. ಹಂದಿಯದು ಮೂರು ತಿಂಗಳು ಮೂರು ವಾರ ಮೂರು ದಿನ ಅಂತ ನೆನಪಿಟ್ಟರೆ ಮರೆಯುವುದಿಲ್ಲ. ಕೇಳಿ ಕೇಳಿ ನನಗೂ ಬಾಯಿಗೆ ಬಂತು. ವಿದ್ಯೆ ತಲೆಗೆ ಹತ್ತಿದರೆ ತೊಂದರೆಯಿಲ್ಲ, ನಾಲಿಗೆಗೆ ಹತ್ತಬಾರದು. ಕೆಳಗಿನ ಮನೆಯವರು ‘ಸೊಸೆಗೆ ಒಂಬತ್ತು ತುಂಬ್ತಾ ಬಂತು’ ಎಂದು ಸಂಭ್ರಮದಿಂದ ಹೇಳಿದಾಗ, ‘ಓಹೋ, ಹೆಚ್ಚುಕಡಿಮೆ ಹಸುವಿನ ಲೆಕ್ಕವೇ’ ಅಂದೆ. ಸೀಮಂತಕ್ಕೆ ನನ್ನಾಕೆಯನ್ನಷ್ಟೇ ಕರೆದರು.

ಈ ವರ್ಷ ಸರ್ಜರಿ. ಮನೆಯಲ್ಲಿ ಹರಿದದ್ದು ಏನೇ ಇದ್ದರೂ ಅವಳಿಗೆ ಕೇಸು. ನನ್ನ ಅಂಗಿಯ ಗುಂಡಿಗೆ ಸರ್ಜನ್ಸ್ ನಾಟ್ ಬಿದ್ದಿದೆ; ಬಟ್ಟೆ ಹೋದರೂ ಗುಂಡಿ ಹೋಗುವುದಿಲ್ಲ. ದಿಂಬಿಗೆ ಹಾಕಿದ್ದು ಲೆಂಬರ್ಟ್ ಹೊಲಿಗೆ. ಅದು ಜಠರ, ಕರುಳು ಹೊಲಿಯುವ ಕ್ರಮ. ಸೋರದಿರಲಿ ಅಂತ ಎರಡೂ ಅಂಚು ಒಳಕ್ಕೆ ಮಡಚಿಕೊಳ್ಳುತ್ತವೆ. ಸೋರಲಿಲ್ಲ, ನಿಜ. ದಿಂಬು ಮಾತ್ರ ಪ್ರತಿ ಇಂಟರ್ನಲ್ಲಿಗೂ ಒಂದು ಸುತ್ತು ಸಣ್ಣದಾಗಿ, ಈಗ ನನ್ನ ಒಂದು ಕಿವಿಗೆ ಸಾಕಾಗುತ್ತದೆ. ಗೈನಕಾಲಜಿ ಪ್ರಾಕ್ಟಿಕಲ್ಲಿನ ಹೆಗಲುದ್ದದ ಪ್ಲಾಸ್ಟಿಕ್ ಗ್ಲೌಸನ್ನು ಕಂಡು ನನ್ನಾಕೆ ಮೂಗು ಮುರಿಯುತ್ತಾಳೆ ಅಂದುಕೊಂಡಿದ್ದೆ. ಅವಳು ಹೊಸದೊಂದು ಜೊತೆ ಇಸಿದುಕೊಂಡು ನೀರಿನ ಡ್ರಮ್ಮಿನ ತಳ ತಿಕ್ಕಿ, ‘ಈ ದೇಶದಲ್ಲಿ ಹೆಂಗಸರಿಗೆ ಬೇಕಾದ್ದು ಮೊದಲು ಹಸುವಿಗೆ ಸಿಗುತ್ತೆ ನೋಡಿ’ ಅಂದಳು.

ಇಷ್ಟರ ನಡುವೆ ಕೆಮ್ಮದೆ ಕೂತಿರುವುದು ನಮ್ಮಮ್ಮ. ಕುಣಿಗಲ್ ಕಡೆಯ ಹಳ್ಳಿಯಲ್ಲಿ ಹಳ್ಳಿಕಾರ್ ಎತ್ತು, ಹಸುಗಳ ನಡುವೆ ಬಾಳಿದವಳು. ಬೆಳಿಗ್ಗೆ ಬೆದೆ ಕಂಡರೆ ಸಂಜೆಗೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆಗೆ ಇಂಜೆಕ್ಷನ್ ಕೊಡಿಸಬೇಕು ಅನ್ನುವ ಪಾಠವನ್ನು ಮೊಮ್ಮಗಳು ಗಟ್ಟಿಯಾಗಿ ಓದುತ್ತಿದ್ದರೆ, ‘ಇದನ್ನೂ ಪುಸ್ತಕದಾಗೆ ಬರೆದವ್ರಾ?’ ಅಂತ ಕೇಳುತ್ತಾಳೆ. ಗಳಲೆ ರೋಗ, ಚಪ್ಪೆ ರೋಗ, ಕಾಲುಬಾಯಿ ರೋಗ ಎಲ್ಲವೂ ಅಜ್ಜಿಗೆ ಗೊತ್ತು. ಮೊಮ್ಮಗಳಿಗೆ ಅವುಗಳ ಬ್ಯಾಕ್ಟೀರಿಯಾ, ವೈರಸ್ಸಿನ ಹೆಸರು ಗೊತ್ತು. ಇಬ್ಬರೂ ಕೂತು ಮಾತಾಡುವಾಗ ಮಧ್ಯೆ ಬಾಯಿ ಹಾಕಿದರೆ, ‘ನೀನು ಸುಮ್ಕಿರೋ, ನಿನಗೆ ಹಾಲು ಕರೆಯೋಕೂ ಬರಾಕಿಲ್ಲ’ ಅನ್ನುತ್ತಾಳೆ ಅಮ್ಮ. ಹಳ್ಳಿಯಲ್ಲಿ ಹುಟ್ಟಿದವನು ಎಂದು ಆಫೀಸಿನಲ್ಲಿ ನಾನು ಕೊಚ್ಚಿಕೊಳ್ಳುವುದು ಅವಳಿಗೆ ತಿಳಿಯದು.

ವೈವಾದ ಹಿಂದಿನ ರಾತ್ರಿ ಊರಿನಿಂದ ದೊಡ್ಡಪ್ಪನ ಮಗ ಫೋನ್ ಮಾಡಿದ. ಹಸುವಿಗೆ ಹೊಟ್ಟೆ ಉಬ್ಬರ. ‘ಡಾಕ್ಟ್ರಮ್ಮನಿಗೆ ಕೊಡಣ್ಣೋ’ ಅಂದ. ಓದುವ ಹುಡುಗಿಗೆ ತೊಂದರೆ ಯಾಕೆ ಅಂತ ಬಾಲ್ಕನಿಗೆ ಬಂದು ಗಂಟಲು ಸರಿಮಾಡಿಕೊಂಡೆ.

‘ಎಡಗಡೆ ಉಬ್ಬಿದೆಯೋ, ಬಲಗಡೆಯೋ?’

‘ಯಾವ ಎಡ ಅಣ್ಣಾ? ನಂದೋ, ಹಸೀಂದೋ?’

ಈ ಪ್ರಶ್ನೆ ಸಿಲಬಸ್ಸಿನಲ್ಲಿ ಇರಲಿಲ್ಲ. ನಾನೇ ಹಸುವಿನಂತೆ ತಿರುಗಿ ನಿಂತು ಎಡ ಹುಡುಕುತ್ತಿರುವಾಗ ಮಗಳು ಫೋನ್ ಕಿತ್ತುಕೊಂಡಳು. ಏನು ತಿಂದಿದೆ, ಉಸಿರು ಹೇಗಿದೆ, ಮೆಲುಕು ಹಾಕುತ್ತಿದೆಯಾ ಅಂತ ಕೇಳಿ, ‘ಚಿಕ್ಕಪ್ಪಾ, ಈಗಲೇ 1962ಕ್ಕೆ ಫೋನ್ ಮಾಡಿ. ಊರಿನ ಡಾಕ್ಟ್ರಿಗೂ ಹೇಳಿ. ಮಲಗೋಕೆ ಬಿಡಬೇಡಿ’ ಅಂತ ಮುಗಿಸಿದಳು. ರಿಜಿಸ್ಟ್ರೇಷನ್ ಆಗುವವರೆಗೆ ತಾನು ಔಷಧಿ ಹೇಳುವಂತಿಲ್ಲ ಅಂತ ನನಗೂ ವಿವರಿಸಿದಳು. ‘ಅವಳೇ ಹೇಳೋ ಹಾಗಿಲ್ಲ. ನಿಮಗ್ಯಾರ್ರೀ ಕೊಟ್ಟರು ರಿಜಿಸ್ಟ್ರೇಷನ್?’ ಅಂದಳು ನನ್ನಾಕೆ. ಹಸು ಉಳಿಯಿತು. ಮರುದಿನ ಅವನು ಫೋನ್ ಮಾಡಿ, ‘ಅಣ್ಣಾ, ನೀನು ಕೇಳಿದ್ದು ಸರಿ, ಎಡಗಡೇನೇ ಉಬ್ಬಿತ್ತು’ ಅಂದ. ಆ ಮಾತನ್ನು ಸ್ಪೀಕರ್‌ಗೆ ಹಾಕಿ ಇನ್ನೊಮ್ಮೆ ಹೇಳಿಸಿದೆ.

ವೈವಾ ಮುಗಿದ ಭಾನುವಾರ ನಂಟರ ಮದುವೆ. ಹೋಳಿಗೆ ಬಡಿಸುವವನು ನನ್ನ ಎಲೆಯ ಮುಂದೆಯೇ ನಿಂತುಬಿಟ್ಟ. ಅವನ ಮನಸ್ಸು ನೋಯಿಸುವುದು ನನ್ನ ಜಾಯಮಾನವಲ್ಲ. ಸಂಜೆ ಸೋಫಾದಲ್ಲಿ ಹೊಟ್ಟೆ ಹಿಡಿದು ಕೂತಾಗ ಮಗಳು ಸ್ಟೆತಾಸ್ಕೋಪ್ ತಂದು, ಹೃದಯ ಬಿಟ್ಟು ಎಡಪಕ್ಕೆಗೆ ಇಟ್ಟಳು.

‘ಮದುವೆಮನೆ ಅನ್ನ ತಿಂದ ಹಸು ಹೀಗೇ ಆಗೋದು. ಮಿಕ್ಕ ಅನ್ನ, ಪಾಯಸ ಅಂತ ಜನ ಪ್ರೀತಿಯಿಂದ ರಾಶಿ ಸುರೀತಾರೆ. ರೂಮೆನ್ ಒಳಗೆ ಹುಳಿ ಎದ್ದು ಹೊಟ್ಟೆ ಆಡೋದೇ ನಿಂತುಹೋಗುತ್ತೆ. ನಿಮಿಷಕ್ಕೆ ಒಂದೆರಡು ಸಲ ಆಡಬೇಕು.’

‘ನನ್ನದು?’

‘ಟಿವಿ ಸೌಂಡ್ ಕೇಳಿಸ್ತಾ ಇದೆ.’

ಹುಳಿಗೆ ಅಡುಗೆ ಸೋಡಾ ಕೊಡುತ್ತಾರೆ ಎಂದು ಕೇಳಿದ್ದೇ ತಡ, ನನ್ನಾಕೆ ಡಬ್ಬಿಯನ್ನೇ ಹಿಡಿದು ಬಂದಳು. ‘ಎಷ್ಟು ಹಾಕಲೇ? ದನದ ಅಳತೆಯಾ, ಮನುಷ್ಯರದ್ದಾ?’

‘ತೂಕದ ಮೇಲಮ್ಮಾ. ಅಪ್ಪಾ, ಈಗ ಎಷ್ಟಿದೀಯ?’

‘90 ಇರಬಹುದು.’

ಮಗಳು ಸ್ಟೆತಾಸ್ಕೋಪ್ ತೆಗೆದು ಕುತ್ತಿಗೆಗೆ ಹಾಕಿಕೊಂಡು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ‘ಹಂದಿ ಆಗಿದ್ದರೆ ಈ ತೂಕಕ್ಕೆ ಮಾರ್ಕೆಟ್ಟಿಗೆ ರೆಡಿ. ಇದರ ಮೇಲೆ ಮೇವು ಹಾಕಿದರೆ ಸಾಕಿದವರಿಗೆ ಲುಕ್ಸಾನು.’

‘ತಗೊಳ್ಳೋರು ಯಾರಾದರೂ ಇದಾರಾ ವಿಚಾರಿಸು’ ಅಂದಳು ನನ್ನಾಕೆ, ಡಬ್ಬಿಯ ಮುಚ್ಚಳ ತೆಗೆಯುತ್ತಾ.