ನಾಲ್ಕು ತಾಲ್ಲೂಕುಗಳ ಗೃಹಕೃತ ಮೇಣದಬತ್ತಿ: ಒಂದು ಶಾಸ್ತ್ರೀಯ ವಿವೇಚನೆ

ಹಾಸನ ಸೀಮೆಯಲ್ಲಿ ಮೇಣದಬತ್ತಿಯ ಪ್ರಾಚೀನತೆಯನ್ನು ನಿರ್ಣಯಿಸ ಹೊರಟವನು ಮೊದಲು ಬೇಲೂರು ತಾಲ್ಲೂಕಿನ ಹಲ್ಮಿಡಿಯ ಕಡೆ ತಿರುಗಬೇಕು. ಕ್ರಿ.ಶ. 450ರ ಸುಮಾರಿನ ಆ ಶಾಸನದಲ್ಲಿ ಮೇಣದಬತ್ತಿಯ ಸುದ್ದಿಯೇ ಇಲ್ಲ. ಎಂದರೆ, ಒಂದೋ ಆಗ ಮೇಣದಬತ್ತಿ ಇರಲಿಲ್ಲ, ಇಲ್ಲವೇ ಕಲ್ಲಿನ ಮೇಲೆ ಕೊರೆದು ಹೇಳಬೇಕಾಗಿಲ್ಲದಷ್ಟು ಮನೆಮನೆಯಲ್ಲೂ ಇತ್ತು. ಪ್ರಸ್ತುತ ಲೇಖಕನು ಎರಡನೆಯ ಪಕ್ಷದವನು. ಮೊದಲನೆಯದನ್ನು ಒಪ್ಪಿದರೆ ಪ್ರಬಂಧ ಇಲ್ಲಿಗೇ ಮುಗಿಯುತ್ತದೆ. ಪ್ಯಾರಾಫಿನ್ ಮೇಣವನ್ನು ಜರ್ಮನಿಯ ರೈಶನ್‌ಬಾಖ್ ಕಂಡುಕೊಂಡದ್ದೇ 1830ರಲ್ಲಿ ಎಂದು ಪೂರ್ವಪಕ್ಷದವರು ಆಕ್ಷೇಪಿಸಬಹುದು. ಆಕ್ಷೇಪಿಸಲಿ.

ಇನ್ನು ದ್ರವ್ಯವಿಚಾರ. ತೆಂಗಿನ ಸೀಮೆಯಾದ ಚನ್ನರಾಯಪಟ್ಟಣದ ಪಂಥಕ್ಕೆ ದುಡ್ಡು ಕೊಟ್ಟು ಮೇಣ ತರುವುದೇ ಅವಮಾನ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆಂಬುದು ಧನುರ್ಮಾಸದಲ್ಲಿ ಬಾಟಲಿ ಬೋರಲು ಹಿಡಿದು ಕಾದವರಿಗೆಲ್ಲ ಗೊತ್ತು. ಕರಟದಲ್ಲಿ ಬತ್ತಿ ನಿಲ್ಲಿಸಿ ರಾತ್ರಿ ಎಣ್ಣೆ ಹೊಯ್ದಿಟ್ಟರೆ ಸೂರ್ಯೋದಯಕ್ಕೆ ಸರ್ವಲಕ್ಷಣಸಂಪನ್ನ ಮೇಣದಬತ್ತಿ. ಹತ್ತು ಗಂಟೆಗೆ ಅದು ಮತ್ತೆ ತಲೆಗೆ ಹಚ್ಚುವ ಎಣ್ಣೆ. ಈ ಪಂಥದಲ್ಲಿ ನಷ್ಟವೆಂಬುದಿಲ್ಲ.

ಶಾಖದ ವಿಷಯದಲ್ಲಿ ಅರಕಲಗೂಡೇ ಪ್ರಮಾಣ. ಹೊಗೆಸೊಪ್ಪಿನ ಬ್ಯಾರನ್ನಿನ ಮುಂದೆ ರಾತ್ರಿಯಿಡೀ ಕೂತು ಉರಿ ಹೆಚ್ಚುಕಡಿಮೆ ಮಾಡುವವರಿಗೆ ಥರ್ಮಾಮೀಟರಿನ ಮೇಲೆ ಉಪನ್ಯಾಸ ಬೇಕಿಲ್ಲ. ಪ್ಯಾರಾಫಿನ್ 50ರಿಂದ 60 ಡಿಗ್ರಿಯ ಆಸುಪಾಸಿನಲ್ಲಿ ಕರಗುತ್ತದೆ. ಸೊಪ್ಪು ಹದವಾಗುವ ಬ್ಯಾರನ್ನಿನಲ್ಲೇ ಒಂದು ಡಬ್ಬ ಇಟ್ಟರಾಯಿತು. ಬ್ಯಾರನ್ನಿಲ್ಲದ ನತದೃಷ್ಟರು ಕುದಿಯುವ ನೀರಿನ ಪಾತ್ರೆಯೊಳಗೆ ಮೇಣದ ಡಬ್ಬ ಇಳಿಬಿಡಬೇಕು. ನೇರ ಉರಿಯ ಮೇಲಿಟ್ಟರೆ ಮೇಣ ಹೊತ್ತಿಕೊಳ್ಳಬಹುದು. ಆಗ ನೀರು ಹಾಕಿದವನ ಹುಬ್ಬು ಉಳಿಯುವುದಿಲ್ಲ. ಮುಚ್ಚಳ ಮುಚ್ಚಿ ಒಲೆ ಆರಿಸುವುದೇ ಸಿದ್ಧಾಂತ. ಕಿಲೋ ಮೇಣಕ್ಕೆ ನೂರು ಗ್ರಾಂ ಸ್ಟಿಯರಿಕ್ ಆಮ್ಲ ಬೆರೆಸಿದರೆ ಮೇಣದಬತ್ತಿ ಗಟ್ಟಿಯಾಗಿ, ಅಚ್ಚಿನಿಂದ ರಗಳೆಯಿಲ್ಲದೆ ಹೊರಬರುತ್ತದೆ. ತಣಿಯುವಾಗ ನಡುವೆ ಬೀಳುವ ಗುಳಿ ದೋಷವಲ್ಲ, ಸ್ವಭಾವ. ಎರಡನೆಯ ಸಲ ಹೊಯ್ದು ತುಂಬಬೇಕು.

ಬತ್ತಿಯ ಶಾಸ್ತ್ರ ಕೇರಂ ಬೋರ್ಡಿನಿಂದ ಆರಂಭವಾಗುತ್ತದೆ. ಬೋರ್ಡಿನ ಮೇಲೆ ಉದುರಿಸುವ ಬೋರಿಕ್ ಪುಡಿ ಎರಡು ಚಮಚ, ಉಪ್ಪು ಒಂದು ಚಮಚ ಕದಡಿದ ಬೆಚ್ಚನೆ ನೀರಿನಲ್ಲಿ ಹೆಣೆದ ಹತ್ತಿದಾರ ನೆನೆಸಿ ಒಣಗಿಸಬೇಕು. ಹೆಣಿಗೆಯ ಬತ್ತಿ ಉರಿಯುತ್ತ ಬಾಗಿ, ತುದಿಯನ್ನು ಜ್ವಾಲೆಯ ಅಂಚಿಗೊಡ್ಡಿ ತಾನೇ ಬೂದಿಯಾಗುತ್ತದೆ; ಕುಡಿ ಕತ್ತರಿಸುವ ಆಳು ಬೇಡ.

ಹೊಳೆನರಸೀಪುರದವರು ಅಚ್ಚಿನ ವಿಷಯದಲ್ಲಿ ಉದಾರಿಗಳು: ಸ್ಟೀಲ್ ಲೋಟ, ಪಿವಿಸಿ ಪೈಪು, ಕಾಗದದ ಕಪ್ಪು, ಎಲ್ಲಕ್ಕೂ ಒಳಗೆ ಎಣ್ಣೆ ಸವರಿದರೆ ಸಾಕು. ನಿಂಬೆಹಣ್ಣಿನ ಹೋಳೂ ಉತ್ತಮ ಅಚ್ಚೇ. ಆದರೆ ಹೊಳೆನರಸೀಪುರದಲ್ಲಿ ನಿಂಬೆಹಣ್ಣಿನ ವಿಚಾರವೆತ್ತಿದರೆ ಪ್ರಬಂಧ ರಾಜಕೀಯವಾಗುತ್ತದೆಂಬ ಭಯದಿಂದ ಇಲ್ಲಿಗೆ ಬಿಟ್ಟಿದೆ.

ಅಲಂಕಾರ ಪ್ರಕರಣವೇ ಗಹನ. ಕುಂಕುಮ ಮೇಣದಲ್ಲಿ ಕರಗದೆ ತಳ ಸೇರುತ್ತದೆ. ಮಕ್ಕಳ ಕ್ರೇಯಾನು ನೋಡಲು ಚಂದ, ಆದರೆ ಅದರ ಬಣ್ಣದ ಕಣಗಳು ಬತ್ತಿಯ ಬಾಯಿ ಕಟ್ಟುತ್ತವೆ. ಎಣ್ಣೆಯಲ್ಲಿ ಕರಗುವ ಬಣ್ಣವೇ ಬೇಕು. ಅಚ್ಚಿಗೆ ಐಸಿನ ತುಂಡು ತುಂಬಿ ಬಿಸಿ ಮೇಣ ಹೊಯ್ದರೆ ಐಸು ಕರಗಿ ನೀರಾಗಿ, ಮೈಯೆಲ್ಲ ಜಾಲಂಧ್ರವಾಗುತ್ತದೆ. ಇದನ್ನು ಉತ್ತರ ಹೊಯ್ಸಳ ಶೈಲಿ ಎಂದು ಕರೆಯಲು ಲೇಖಕನಿಗೆ ಸಂಕೋಚವಿಲ್ಲ. ಹಳೇಬೀಡಿನ ಹಾಗೆ ಇದೂ ಪೂರ್ತಿಯಾಗುವುದಿಲ್ಲ.

ಇಷ್ಟಾದ ಮೇಲೆ ಹಾಸನ ಪಟ್ಟಣದ ಪಂಥ ಒಂದು ತೊಡಕು ತಂದಿಡುತ್ತದೆ. ಹಾಸನಾಂಬೆಯ ಗುಡಿ ತೆರೆಯುವುದು ವರ್ಷಕ್ಕೊಮ್ಮೆ, ದೀಪಾವಳಿಯ ಆಸುಪಾಸಿನಲ್ಲಿ. ಬಾಗಿಲು ಮುಚ್ಚುವಾಗ ಹಚ್ಚಿಟ್ಟ ದೀಪ ಮರುವರ್ಷ ತೆರೆದಾಗಲೂ ಉರಿಯುತ್ತಿರುತ್ತದೆಂಬುದು ಭಕ್ತರ ನಂಬಿಕೆ. ಅಲ್ಲಿಂದ ಕೂಗಳತೆಯ ಮನೆಗಳಲ್ಲಿ, ಮೇಲೆ ಹೇಳಿದ ವಿಧಿಯಿಂದ ತಯಾರಾದ ಮೇಣದಬತ್ತಿ ವರ್ಷವಿಡೀ ಎಲ್ಲರ ಕಣ್ಣೆದುರಿಗೆ ಷೋಕೇಸಿನಲ್ಲಿದ್ದು ಒಮ್ಮೆಯೂ ಉರಿಯುವುದಿಲ್ಲ. ಹಚ್ಚಿದರೆ ಹಾಳಾಗುತ್ತದೆಂಬುದು ಗೃಹಿಣಿಯರ ವಾದ; ತಾರ್ಕಿಕವಾಗಿ ಅಖಂಡನೀಯ. 1982ರಿಂದ ಇದೇ ಊರಿನಲ್ಲಿ ಕೂತು ಇಸ್ರೋದವರು ಆಕಾಶದ ಉಪಗ್ರಹಗಳನ್ನು ನಿಯಂತ್ರಿಸುತ್ತಿದ್ದಾರೆ, ಆದರೂ ಕರೆಂಟು ಹೋದಾಗ ಬೆಂಕಿಪೊಟ್ಟಣ ಎಲ್ಲಿದೆಯೆಂದು ಯಾರಿಗೂ ತಿಳಿಯದು. ಕೊನೆಗೆ ಮೊಬೈಲಿನ ಟಾರ್ಚು ಹಚ್ಚುತ್ತಾರೆ. ಆ ಬೆಳಕಿನಲ್ಲಿ ಮೇಣದಬತ್ತಿಯ ಜಾಲಂಧ್ರದ ಕೆಲಸ ಬಹಳ ಚೆನ್ನಾಗಿ ಕಾಣುತ್ತದೆ.