ರಿಮೋಟುಮಣಿದರ್ಪಣ

13ನೆಯ ಶತಮಾನದಲ್ಲಿ ಕೇಶಿರಾಜ ಕನ್ನಡಕ್ಕೆ ವ್ಯಾಕರಣ ಬರೆದ. ಸಂಧಿಯಿಂದ ಹಿಡಿದು ಅವ್ಯಯದವರೆಗೆ ಏನೊಂದನ್ನೂ ಬಿಡಲಿಲ್ಲ ಎಂದು ಪಂಡಿತರು ಕೊಂಡಾಡುತ್ತಾರೆ. ಬಿಟ್ಟಿದ್ದಾನೆ. ಟಿವಿ, ಸೆಟ್‌ಟಾಪ್ ಬಾಕ್ಸು, ಸೌಂಡ್‌ಬಾರು ಮೂರೂ ಒಂದೇ ನಡುಮನೆಯಲ್ಲಿದ್ದು, ಮೂರಕ್ಕೂ ಸೇರಿ ಒಂದು ಯೂನಿವರ್ಸಲ್ ರಿಮೋಟು ಬಂದರೆ ಆಗುವ ಸಂಧಿ ಯಾವುದು? ಶಬ್ದಮಣಿದರ್ಪಣದಲ್ಲಿ ಇದಕ್ಕೆ ಉತ್ತರವಿಲ್ಲ. ಆ ಕೊರತೆ ನೀಗಲೆಂದು ಈ ಕಿರುಗ್ರಂಥ. ಗ್ರಂಥಕರ್ತನ ಅರ್ಹತೆ ಎರಡು: ಎಸೆಸೆಲ್ಸಿಯಲ್ಲಿ ಸಂಧಿಯ ಪ್ರಶ್ನೆಗೆ ಪೂರ್ತಿ ಅಂಕ, ಮತ್ತು ಎಸ್.ಪಿ. ರೋಡಿನಲ್ಲಿ ಚೌಕಾಸಿ ಮಾಡಿ ತಂದ ಒಂದು ರಿಮೋಟು.

ಮೊದಲು ಪೂರ್ವಪಕ್ಷ. ಇದನ್ನು ಮಂಡಿಸಿದವನು ಅಂಗಡಿಯ ಹುಡುಗ: "ಇದೊಂದಿದ್ರೆ ಸಾಕು ಸಾರ್, ಮಿಕ್ಕಿದ್ದೆಲ್ಲ ಎತ್ತಿಟ್ಟುಬಿಡಿ." ವ್ಯಾಕರಣದ ಮಾತಿನಲ್ಲಿ ಹೇಳುವುದಾದರೆ ಇದು ಆದೇಶಸಂಧಿ. ಮಳೆಯೂ ಕಾಲವೂ ಸೇರಿ ಮಳೆಗಾಲ ಆಗುವಾಗ ಕಕಾರ ಮರ್ಯಾದೆಯಿಂದ ಎದ್ದುಹೋಗಿ ಗಕಾರಕ್ಕೆ ಜಾಗ ಬಿಡುತ್ತದಲ್ಲ, ಹಾಗೆ.

ಸಿದ್ಧಾಂತಪಕ್ಷ ಇದನ್ನು ಒಪ್ಪುವುದಿಲ್ಲ. ನಮ್ಮ ಮನೆಯಲ್ಲಿ ಯಾವ ರಿಮೋಟೂ ಎದ್ದುಹೋಗಲಿಲ್ಲ. ಟಿವಿಯ ಇನ್‌ಪುಟ್ ಬದಲಿಸುವ ಗುಂಡಿ ಹೊಸದರಲ್ಲಿಲ್ಲ, ಆದ್ದರಿಂದ ಹಳೆಯದು ಬೇಕು. ಬಾಕ್ಸಿನ ರೆಕಾರ್ಡಿಂಗ್ ಗುಂಡಿಯೂ ಇಲ್ಲ, ಆದ್ದರಿಂದ ಅದೂ ಬೇಕು. ಮೂರಿದ್ದದ್ದು ನಾಲ್ಕಾಯಿತು. ಮನೆ ಎಂಬುದಕ್ಕೆ ಅನ್ನು ಸೇರುವಾಗ ಯಾರೂ ಕರೆಯದಿದ್ದರೂ ನಡುವೆ ಯಕಾರ ಬಂದು ಕೂರುವಂತೆ ಇದು ಬಂದು ಕೂತಿತು. ಹಾಗಾಗಿ ಇದು ಆಗಮಸಂಧಿ. ಲೋಪಸಂಧಿ ಆದದ್ದು ಸೆಲ್ಲಿನ ಮುಚ್ಚಳಕ್ಕೆ ಮಾತ್ರ. ಎರಡನೆಯ ದಿನವೇ ಕಾಣೆಯಾಯಿತು. ಅದರ ಜಾಗಕ್ಕೆ ರಬ್ಬರ್ ಬ್ಯಾಂಡು ಬಂತು. ಈ ಗ್ರಂಥದಲ್ಲಿ ಅಪ್ಪಟ ಆದೇಶಕ್ಕೆ ಸಿಗುವ ಏಕೈಕ ಉದಾಹರಣೆ ಅದೇ. ಒಳಗಿನ ಎರಡು ಸೆಲ್ಲುಗಳಲ್ಲಿ ಒಂದು ಟಾರ್ಚಿನದು, ಒಂದು ಗೋಡೆ ಗಡಿಯಾರದ್ದು.

ಪ್ರಾಚೀನರ ಮತವನ್ನೂ ಉಲ್ಲೇಖಿಸುವುದು ಸಂಪ್ರದಾಯ. 1956ರಲ್ಲಿ ಅಮೆರಿಕದ ಜೆನಿತ್ ಕಂಪನಿ ತಂದ, ರಾಬರ್ಟ್ ಅಡ್ಲರ್ ರೂಪಿಸಿದ ರಿಮೋಟಿಗೆ ಸೆಲ್ಲೇ ಇರಲಿಲ್ಲ. ಗುಂಡಿ ಒತ್ತಿದರೆ ಒಳಗೊಂದು ಪುಟ್ಟ ಸುತ್ತಿಗೆ ಅಲ್ಯೂಮಿನಿಯಂ ಸರಳಿಗೆ ಬಡಿಯುತ್ತಿತ್ತು. ಮನುಷ್ಯರ ಕಿವಿಗೆ ನಿಲುಕದ ಆ ನಾದವನ್ನು ಟಿವಿ ಕೇಳಿಸಿಕೊಳ್ಳುತ್ತಿತ್ತು. ಕೀಗೊಂಚಲು ಅಲ್ಲಾಡಿಸಿದರೂ ಕೆಲವೊಮ್ಮೆ ಚಾನೆಲ್ ಬದಲಾಗುತ್ತಿತ್ತು. ನಮ್ಮ ಅಜ್ಜಿಯರ ಕೈತುಂಬ ಬಳೆಯ ಮುಂದೆ ಅಂಥ ಟಿವಿ ಒಂದು ದಿನ ಬಾಳುತ್ತಿರಲಿಲ್ಲ. ಆಪಲ್‌ನ ಮೊದಲ ಕಂಪ್ಯೂಟರು ಕಟ್ಟಿದ ಸ್ಟೀವ್ ವೋಜ್ನಿಯಾಕ್ ಅಲ್ಲಿಂದ ಹೊರಬಂದು, ಬೇರೆ ಕಂಪನಿ ತೆರೆದು, 1987ರಲ್ಲಿ ಯೂನಿವರ್ಸಲ್ ರಿಮೋಟು ಮಾಡಿದರು. ಅದನ್ನು ಪಳಗಿಸುವುದು ಸಾಮಾನ್ಯರ ಕೈಲಾಗುವ ಕೆಲಸವಾಗಿರಲಿಲ್ಲ. ಪರಂಪರೆ ಇಂದಿಗೂ ಅವಿಚ್ಛಿನ್ನ.

ಈಗ ಭಾಷಾಪ್ರಕರಣ. ರಿಮೋಟು ಆಡುವುದು ಕಣ್ಣಿಗೆ ಕಾಣದ ಬೆಳಕಿನಲ್ಲಿ. ಅದರ ಮೂತಿಗೆ ಮೊಬೈಲ್ ಕ್ಯಾಮೆರಾ ಹಿಡಿದು ಗುಂಡಿ ಒತ್ತಿದರೆ ನೇರಳೆ ಮಿಣುಕು ಕಾಣುತ್ತದೆ. ಸೆಕೆಂಡಿಗೆ ಸುಮಾರು 38,000 ಸಲ ಮಿಟುಕುವ ಬೆಳಕು ಅದು. ಇದರಲ್ಲಿ ಹಲವು ಉಪಭಾಷೆಗಳುಂಟು. ಹೆಚ್ಚು ಬಳಕೆಯಲ್ಲಿರುವ ಎನ್‌ಇಸಿ ಪದ್ಧತಿಯಲ್ಲಿ ಮೊದಲು 9 ಮಿಲಿಸೆಕೆಂಡಿನ ಕೂಗು, ಆಮೇಲೆ ನಾಲ್ಕೂವರೆ ಮಿಲಿಸೆಕೆಂಡು ಮೌನ. ಬಳಿಕ ಯಾರಿಗೆ ಎಂಬ ವಿಳಾಸ, ಅದರ ಬೆನ್ನಿಗೇ ಅದೇ ವಿಳಾಸ ಸೊನ್ನೆ ಒಂದಾಗಿ, ಒಂದು ಸೊನ್ನೆಯಾಗಿ. ಆಮೇಲೆ ಅಪ್ಪಣೆ, ಅದೂ ಮತ್ತೆ ಹಾಗೇ ತಿರುವಿ. ಒಟ್ಟು 32 ಬಿಟ್. ಶಾಸ್ತ್ರಕಾರರು ಇದನ್ನು ಅನ್ವಯ-ವ್ಯತಿರೇಕ ಎನ್ನುತ್ತಿದ್ದರೇನೋ. ನಮ್ಮ ದೊಡ್ಡಮ್ಮ ಫೋನಿನಲ್ಲಿ ಮಾತಾಡುವುದು ಥೇಟ್ ಹೀಗೆಯೇ: "ಹಲೋಓಓ!" ಎಂದು ಕೂಗಿ ಒಂದು ಕ್ಷಣ ಸುಮ್ಮನಾಗುತ್ತಾರೆ. "ಪುಟ್ಟಿಗೆ ಕೊಡು, ಬೇರೆ ಯಾರಿಗೂ ಬೇಡ. ನಾಳೆ ಬಾ, ಇವತ್ತು ಬರಬೇಡ." ಫಿಲಿಪ್ಸ್‌ನ ಆರ್‌ಸಿ-5 ಪದ್ಧತಿ ಹದಿನಾಲ್ಕೇ ಬಿಟ್ಟಿನಲ್ಲಿ ಮಾತು ಮುಗಿಸುತ್ತದೆ, ಅದು ದೊಡ್ಡಪ್ಪ.

ಯೂನಿವರ್ಸಲ್ ರಿಮೋಟು ಇವೆಲ್ಲ ಭಾಷೆ ಬಲ್ಲ ಪಂಡಿತ. ಆದರೆ ಎದುರಿಗೆ ಕೂತಿರುವವರು ಯಾರೆಂದು ಮಾತ್ರ ಗೊತ್ತಿಲ್ಲ. ಅದಕ್ಕೇ ಇರುವೆಯಂಥ ಅಕ್ಷರದ ಕೋಡ್ ಪುಸ್ತಕ ಜೊತೆಗೆ ಬರುತ್ತದೆ. ನಮ್ಮ ಟಿವಿಯ ಹೆಸರು ಅದರಲ್ಲಿರಲಿಲ್ಲ. ಉಳಿದದ್ದು ಆಟೋ ಸರ್ಚ್: ಟಿವಿ ಹಾಕಿಟ್ಟು, ಸೆಟ್ ಗುಂಡಿ ಹಿಡಿದು, ಕೆಂಪು ದೀಪ ಹತ್ತಿದ ಮೇಲೆ ಪವರ್ ಒತ್ತುತ್ತಲೇ ಇರಬೇಕು, ಟಿವಿ ಆರಿದ ಕ್ಷಣ ಬೆರಳು ತೆಗೆಯಬೇಕು. ಕೈಚಾಚಿ ಗರುಡಗಂಬದಂತೆ ನಿಂತೆ. ಎಷ್ಟೋ ಹೊತ್ತಿನ ಮೇಲೆ ತಲೆಯ ಮೇಲಿನ ಫ್ಯಾನು ನಿಂತಿತು. ಅದೂ ರಿಮೋಟಿನ ಫ್ಯಾನೇ. ಯಾರದೋ ಕರೆಗೆ ಓಗೊಟ್ಟಿತ್ತು. ನಾನು ಕತ್ತೆತ್ತಿ ಅದನ್ನು ನೋಡುತ್ತಿದ್ದಾಗ ಟಿವಿ ಆರಿ, ಮತ್ತೆ ಹತ್ತಿತು.

"ಈಗ ಆರಿತ್ತಲ್ಲೋ," ಎಂದರು ಅಮ್ಮ.

"ಮೊದಲೇ ಹೇಳ್ಬಾರ್ದಿತ್ತಾ?"

"ನೀನೇ ಆರಿಸಿದೆ ಅಂದ್ಕೊಂಡೆ."

ಮೊದಲಿನಿಂದ ಸುರುವಾಯಿತು.

ಕಲಿಕೆಯ ಮಾರ್ಗ ಇನ್ನೊಂದುಂಟು, ಅದು ಬ್ರಹ್ಮೋಪದೇಶ. ಹಳೆಯ ರಿಮೋಟನ್ನೂ ಹೊಸದನ್ನೂ ಮೂತಿಗೆ ಮೂತಿ ತಾಗುವಂತೆ ಮಲಗಿಸಿ, ಬಿಸಿಲು ಬೀಳದಂತೆ ಮೇಲೊಂದು ಟವೆಲ್ ಹೊದಿಸಿ, ಒಂದೊಂದೇ ಗುಂಡಿಯ ಮಂತ್ರ ಹೇಳಿಸಬೇಕು. ನಿಯಮ ಒಂದೇ: ಉಪದೇಶದ ಹೊತ್ತಿಗೆ ಗುರು ಬದುಕಿರಬೇಕು. ಸೌಂಡ್‌ಬಾರಿನ ರಿಮೋಟು ಚಹಾದಲ್ಲಿ ಮುಳುಗಿ ತೀರಿಕೊಂಡಿತೆಂದೇ ಅಲ್ಲವೇ ನಾನು ಎಸ್.ಪಿ. ರೋಡಿಗೆ ಹೋದದ್ದು?

ಮನೆಯ ನೆಮ್ಮದಿ ನಿಂತಿರುವುದು ಕ್ರಿಯಾಪದದ ಮೇಲೆ. ಕನ್ನಡದಲ್ಲಿ ಹಚ್ಚುವುದೇ ಬೇರೆ, ಆರಿಸುವುದೇ ಬೇರೆ. ರಿಮೋಟಿನ ಭಾಷೆಯಲ್ಲಿ ಬಹುಮಟ್ಟಿಗೆ ಎರಡಕ್ಕೂ ಒಂದೇ ಧಾತು. "ಇದ್ದದ್ದನ್ನು ಮಗುಚು" ಎಂದಷ್ಟೇ ಅರ್ಥ. ಒಂದೇ ಗುಂಡಿಗೆ ಎಲ್ಲ ಪವರ್‌ಗಳನ್ನೂ ಕಟ್ಟಿಹಾಕಿ, ಏಳೂವರೆಯ ಧಾರಾವಾಹಿಗೆ ಅಮ್ಮನ ಎದುರು ಒತ್ತಿದೆ. ಆರಿದ್ದ ಟಿವಿ ಹತ್ತಿತು, ಹತ್ತಿದ್ದ ಬಾಕ್ಸು ಆರಿತು.

"ಬರೀ ನೀಲಿ ಬಣ್ಣ ಬಂತು."

ಮತ್ತೆ ಒತ್ತಿದೆ.

"ಈಗ ಅದೂ ಹೋಯ್ತು."

ಏತದ ಹಾಗೆ ಒಂದು ಮೇಲೇರಿದರೆ ಇನ್ನೊಂದು ಕೆಳಗೆ. ಈ ರಿಮೋಟು ಹೇಳುವುದೇ ಹೊರತು ಕೇಳುವುದಿಲ್ಲ, ಮೂತಿಯುಂಟು, ಕಿವಿಯಿಲ್ಲ. ಟಿವಿ ಈಗ ಯಾವ ಸ್ಥಿತಿಯಲ್ಲಿದೆಯೆಂದು ಅದಕ್ಕೆ ತಿಳಿಯುವ ದಾರಿಯೇ ಇಲ್ಲ. ಇಂಥ ಯಜಮಾನರು ಪ್ರತಿ ಓಣಿಯಲ್ಲೂ ಒಬ್ಬರಿರುತ್ತಾರೆ, ಆದರೆ ಅದು ಈ ಗ್ರಂಥದ ವಿಷಯವಲ್ಲ.

ಕಡೆಯದಾಗಿ ಪ್ರಕೃತಿಭಾವ. "ಅಣ್ಣಾ ಓಡಿ ಬಾ" ಎನ್ನುವಲ್ಲಿ ಎರಡು ಸ್ವರ ಎದುರುಬದುರಾದರೂ ಸಂಧಿಯಾಗುವುದಿಲ್ಲವಷ್ಟೆ. ಟಿವಿಯ ಬೆನ್ನಿಗೆ ಮಗಳು ಸಿಕ್ಕಿಸಿರುವ ಸ್ಟಿಕ್ಕಿನ ಮುಂದೆ ನಮ್ಮ ರಿಮೋಟನ್ನು ಹಿಡಿದಾಗ ಆದದ್ದೂ ಅದೇ. ಆ ಸ್ಟಿಕ್ಕು ಬ್ಲೂಟೂತ್‌ನದು, ಬೆಳಕಿನ ಮಾತು ಅದಕ್ಕೆ ಕೇಳದು. ಅದರ ರಿಮೋಟು ಐದನೆಯದಾಗಿ ಸೋಫಾದ ಸಂದಿಯಲ್ಲಿದೆ. ಸಂಧಿಯಾಗದಿದ್ದರೂ ಸಂದಿಯಾದರೂ ಸಿಕ್ಕಿತು.

ಇಂತು ರಿಮೋಟುಮಣಿದರ್ಪಣದೊಳ್ ಸಂಧಿಪ್ರಕರಣಂ ಸಮಾಪ್ತಂ. ಬರೆದು ಮುಗಿಸಿದ ಹೊತ್ತು, ನಮ್ಮ ಮನೆಯ ಗೋಡೆ ಗಡಿಯಾರದ ಪ್ರಕಾರ, ಏಳೂ ಇಪ್ಪತ್ತು. ಬರೆಯಲು ಕೂತದ್ದೂ ಏಳೂ ಇಪ್ಪತ್ತಕ್ಕೇ, ಹೋದ ಬುಧವಾರ.