ಯುವಕರಿಗೆ ತಕ್ಕ ಸಮರಕಲೆ: ಬೇವೂರು ಸೀಮೆಗೆ ಅನ್ವಯಿಸುವ ಕೆಲವು ಸೂತ್ರಗಳು

ಸಮರಕಲೆಯನ್ನು ಕಲಿಯಲು ಮನುಷ್ಯನ ಆಯುಷ್ಯದಲ್ಲಿ ಯೋಗ್ಯವಾದ ಕಾಲ 18ರಿಂದ 25ನೆಯ ವಯಸ್ಸಿನವರೆಗಿನದು. ಅದಕ್ಕೂ ಮೊದಲು ಮನೆಯವರೇ ಹೊಡೆಯುತ್ತಾರೆ, ಅನಂತರ ಮದುವೆಯಾಗುತ್ತದೆ. ಈ ನಡುವಿನ ಅವಧಿಯಲ್ಲಿ ಪದವಿಯ ಕೊನೆಯ ಸೆಮಿಸ್ಟರಿನ ಫಲಿತಾಂಶ ಬಂದಿರುವುದಿಲ್ಲ, ಪೊಲೀಸ್ ನೇಮಕಾತಿಯ ಅಧಿಸೂಚನೆ ಹೊರಟಿರುವುದಿಲ್ಲ, ಹೊಲದ ಕೆಲಸಕ್ಕೆ ಕರೆದರೆ ಓದುವುದಿರುತ್ತದೆ. ಆದ್ದರಿಂದ ದೇಹ ಸಂಪೂರ್ಣ ಬಿಡುವಾಗಿರುತ್ತದೆ. ಬಾಗಲಕೋಟೆ ತಾಲ್ಲೂಕಿನ ಬೇವೂರು ಮತ್ತು ಸುತ್ತಲಿನ ಹಳ್ಳಿಗಳ ಯುವಕರು ಈ ಬಿಡುವಿನಲ್ಲಿ ಯಾವ ಕಲೆಯನ್ನು ಆಯ್ದುಕೊಳ್ಳಬೇಕೆಂಬುದನ್ನು ಇಲ್ಲಿ ಕ್ರಮವಾಗಿ ನಿರೂಪಿಸಲಾಗಿದೆ.

ಮೊದಲು ಶತ್ರುವನ್ನು ಗೊತ್ತುಮಾಡಿಕೊಳ್ಳಬೇಕು. ಶತ್ರುವಿಲ್ಲದೆ ಕಲೆ ಕಲಿಯುವುದು ಎತ್ತಿಲ್ಲದೆ ನೊಗ ಕೊಂಡಂತೆ. ಈ ಸೀಮೆಯಲ್ಲಿ ದೊರೆಯುವ ಶತ್ರುಗಳು ಮೂರು ಬಗೆ. ಒಂದನೆಯವನು ಹೊಲದ ಬದುವನ್ನು ವರ್ಷಕ್ಕೊಂದು ಗೇಣು ಸರಿಸುವ ದಾಯಾದಿ. ಎರಡನೆಯವನು ಬಸ್ಸಿನ ಕಿಟಕಿಯಿಂದ ಟವೆಲ್ ಒಗೆದು ಸೀಟು ಹಿಡಿದವನು. ಮೂರನೆಯವನು ಮದುವೆಯ ಪಂಕ್ತಿಯಲ್ಲಿ ನಾಲ್ಕು ಮಂದಿ ಕೇಳುವಂತೆ, "ಏನಪಾ ತಮ್ಮಾ, ಈಗ ಏನ್ ಮಾಡಾಕತ್ತಿ?" ಎಂದು ವಿಚಾರಿಸುವ ಸೋದರಮಾವ. ಮೂವರಲ್ಲಿ ಮೂರನೆಯವನೇ ಅಪಾಯಕಾರಿ. ಅವನ ಮೇಲೆ ಕೈ ಎತ್ತುವಂತಿಲ್ಲ. ಅವನಿಗೆ ಮಗಳಿದ್ದರೆ ಕಾಲಿಗೂ ಬೀಳಬೇಕಾಗುತ್ತದೆ.

ದಾಯಾದಿಯ ವಿಷಯದಲ್ಲಿ ಕಾಲಾವಧಿಯನ್ನು ಗಮನಿಸಬೇಕು. ಒಲಿಂಪಿಕ್ಸಿನ ಫ್ರೀಸ್ಟೈಲ್ ಕುಸ್ತಿಯಲ್ಲಿ ತಲಾ 3 ನಿಮಿಷದ ಎರಡು ಸುತ್ತುಗಳು, ನಡುವೆ 30 ಸೆಕೆಂಡು ವಿರಾಮ. ನಮ್ಮ ಜಾತ್ರೆಗಳ ಜಂಗಿ ನಿಕಾಲಿ ಕುಸ್ತಿಯಲ್ಲಿ ಒಬ್ಬನ ಬೆನ್ನು ಮಣ್ಣಾಗುವವರೆಗೂ ಬಿಡುವಿಲ್ಲ. ಬದುವಿನ ವ್ಯಾಜ್ಯದಲ್ಲಿ ತಲಾ ಒಂದು ತಲೆಮಾರಿನ ಎರಡು ಸುತ್ತುಗಳು, ನಡುವೆ ನ್ಯಾಯಾಲಯದ ಬೇಸಿಗೆ ರಜೆ. ಇಷ್ಟು ದೀರ್ಘಕಾಲ ಬಾಳಿಕೆ ಬರುವ ಸಮರಕಲೆ ಪೂರ್ವದೇಶಗಳಲ್ಲಿ ಎಲ್ಲಿಯೂ ಬೆಳೆದಿಲ್ಲ. ಆದಕಾರಣ ದಾಯಾದಿಯನ್ನು ವಕೀಲರಿಗೆ ಒಪ್ಪಿಸಿ ಮುಂದುವರಿಯತಕ್ಕದ್ದು.

ಎರಡನೆಯದಾಗಿ, ಪ್ರದೇಶದ ಐತಿಹಾಸಿಕ ಅರ್ಹತೆ. ಬಾದಾಮಿಯ ಮೂರನೆಯ ಗುಹೆ ಕ್ರಿ.ಶ. 578ರದೆಂದು ಅಲ್ಲಿನ ಶಾಸನದಿಂದಲೇ ತಿಳಿಯುತ್ತದೆ. ಅದರಲ್ಲಿ ತ್ರಿವಿಕ್ರಮನು ಒಂದು ಕಾಲನ್ನು ನೆಲಕ್ಕೂರಿ ಇನ್ನೊಂದನ್ನು ಸೊಂಟದಿಂದ ಮೇಲಕ್ಕೆ ಚಾಚಿ ನಿಂತಿದ್ದಾನೆ. ಕೊರಿಯಾದವರು ಕಾಲೊದೆತಕ್ಕೆ ಹೆಸರಾದ ತಮ್ಮ ಕಲೆಯನ್ನು ಟೇಕ್ವಾಂಡೊ ಎಂದು ಕರೆದದ್ದು 1955ರಲ್ಲಿ. ಆ ಹೊತ್ತಿಗೆ ತ್ರಿವಿಕ್ರಮನ ಕಾಲು ಮೇಲೆದ್ದು 1377 ವರ್ಷಗಳಾಗಿದ್ದವು. ಸಮತೋಲನ ತಪ್ಪಿದ ಉಲ್ಲೇಖವಿಲ್ಲ. ಒಂದನೆಯ ಗುಹೆಯ ನಟರಾಜನಿಗೆ 18 ಕೈಗಳಿವೆ. ಇವುಗಳಲ್ಲಿ 9 ಹೊಡೆತ ತಡೆಯಲಿಕ್ಕೆ, 9 ಹೊಡೆತ ಕೊಡಲಿಕ್ಕೆ ಎಂದು ಹಂಚಿಕೊಳ್ಳಬಹುದು. ಈಗಿನ ಯುವಕನಿಗೆ ಇರುವುದು ಎರಡೇ ಕೈ, ಅವುಗಳಲ್ಲೊಂದು ಮೊಬೈಲಿಗೆ ಮೀಸಲು. ಆದ್ದರಿಂದ ಉಳಿದೊಂದು ಕೈಯಿಂದ ಸಾಧ್ಯವಾಗುವ ತಂತ್ರಗಳನ್ನು ಮಾತ್ರ ಅಭ್ಯಾಸಕ್ಕೆ ತೆಗೆದುಕೊಳ್ಳಬೇಕು.

ಕೇರಳದ ಕಳರಿಪಯಟ್ಟುವಿನ ವಿಚಾರವೂ ಇಲ್ಲಿಯೇ ಇತ್ಯರ್ಥವಾಗುತ್ತದೆ. ಐತಿಹ್ಯದ ಪ್ರಕಾರ ಅದರ ಬಡಗು ಸಂಪ್ರದಾಯಕ್ಕೆ ಪರಶುರಾಮನೂ ತೆಂಕು ಸಂಪ್ರದಾಯಕ್ಕೆ ಅಗಸ್ತ್ಯನೂ ಮೂಲಪುರುಷರು. ಪರಶುರಾಮನು ರಕ್ತದ ಕೊಡಲಿಯನ್ನು ತೊಳೆದದ್ದು ಐಹೊಳೆಯಲ್ಲಿ ಹರಿಯುವ ಮಲಪ್ರಭೆಯಲ್ಲಿ. ಅಗಸ್ತ್ಯನು ವಾತಾಪಿಯೆಂಬ ರಾಕ್ಷಸನನ್ನು ಉಂಡು ಅರಗಿಸಿಕೊಂಡದ್ದು ಅದೇ ಹೆಸರು ಹೊತ್ತ ಬಾದಾಮಿಯಲ್ಲಿ. ಹೀಗೆ ಒಬ್ಬರು ಊಟ ಮಾಡಿ, ಇನ್ನೊಬ್ಬರು ತೊಳೆದುಕೊಂಡು, ಇಬ್ಬರೂ ಕಲೆಯನ್ನು ಕೇರಳದವರಿಗೆ ಕೊಟ್ಟರು. ಎದುರಾಳಿಯನ್ನು ಕುಳಿತಲ್ಲಿಂದ ಏಳದೆ ಸೋಲಿಸಿದ ದಾಖಲೆ ಅಗಸ್ತ್ಯನದೊಂದೇ. ಆ ವಿದ್ಯೆಯ ಮೊದಲರ್ಧ ಈ ಸೀಮೆಯ ಯುವಕರಲ್ಲಿ ಇಂದಿಗೂ ಅಳಿಯದೆ ಉಳಿದಿದೆ.

ಮೂರನೆಯದಾಗಿ, ಕುಸ್ತಿ. ಕಲ್ಯಾಣದಿಂದ 1126ರಿಂದ 1138ರವರೆಗೆ ಆಳಿದ ಮೂರನೆಯ ಸೋಮೇಶ್ವರನು ತನ್ನ ಮಾನಸೋಲ್ಲಾಸದಲ್ಲಿ ಮಲ್ಲರನ್ನು ವಯಸ್ಸು, ಮೈಕಟ್ಟು, ಬಲಗಳಿಗೆ ತಕ್ಕಂತೆ ವಿಂಗಡಿಸಿ, ಅವರ ಆಹಾರ ಮತ್ತು ಅಭ್ಯಾಸಗಳನ್ನು ವಿವರಿಸಿದ್ದಾನೆ. ರಾಜನೊಬ್ಬನು ಇಷ್ಟು ಆಸ್ಥೆಯಿಂದ ಬರೆದಿರುವುದರಿಂದ ಖರ್ಚನ್ನು ಅರಮನೆಯೇ ವಹಿಸುತ್ತಿತ್ತೆಂದು ಊಹಿಸಬಹುದು. ಈಗ ಅದನ್ನು ಎಮ್ಮೆ ವಹಿಸುತ್ತದೆ.

ಗರಡಿ ಮನೆಯ ಬಾಗಿಲು ಗಿಡ್ಡ. ಎಂಥ ಪೈಲ್ವಾನನೂ ತಲೆ ತಗ್ಗಿಸಿಯೇ ಒಳಗೆ ಹೋಗಬೇಕು. ತಗ್ಗಿಸದವನಿಗೆ ಮೊದಲ ಪೆಟ್ಟನ್ನು ಚೌಕಟ್ಟೇ ಕೊಡುತ್ತದೆ. ಒಳಗೆ ಗೋಡೆಗೆ ಹನುಮಪ್ಪ, ಮೂಲೆಗೆ ಜೋಡಿ, ಗದೆ, ನಡುವೆ ಕಣ. ಕೆಂಪು ಮಣ್ಣನ್ನು ಕಲ್ಲು-ಹರಳು ಇಲ್ಲದಂತೆ ಸಾಣಿಸಿ, ಅರಿಶಿಣ, ಎಣ್ಣೆ, ಮಜ್ಜಿಗೆ, ನಿಂಬೆರಸ ಹಾಕಿ ಹದಗೊಳಿಸಿರುತ್ತಾರೆ. ಕೈಗೆ ಮೆತ್ತಗೆ, ಮೂಗಿಗೆ ಹುಳಿ-ಅರಿಶಿಣದ ವಾಸನೆ. ಈ ಸಾಮಗ್ರಿಗಳನ್ನು ನೋಡಿದರೆ, ಉಪ್ಪು ಮತ್ತು ಒಗ್ಗರಣೆ ಇಲ್ಲವೆಂಬ ಕಾರಣಕ್ಕಷ್ಟೇ ಅದು ಪಾಕಶಾಸ್ತ್ರಕ್ಕೆ ಸೇರದೆ ಕ್ರೀಡಾಶಾಸ್ತ್ರದಲ್ಲಿ ಉಳಿದಿದೆ. ಕಾದಾಟಕ್ಕೆ ಮೊದಲು ಇಬ್ಬರೂ ಒಂದೊಂದು ಹಿಡಿ ಮಣ್ಣನ್ನು ಎದುರಾಳಿಯ ಹೆಗಲಿಗೆ ಸವರುತ್ತಾರೆ. ಬೆವರಿದ ಮೈ ಜಾರಬಾರದೆಂಬುದು ಅದರ ಉದ್ದೇಶ. ಶತ್ರುವನ್ನು ಹಿಡಿಯಲು ಅನುಕೂಲವಾಗುವಂತೆ ಮೊದಲು ಶತ್ರುವಿಗೇ ಉಪಚಾರ ಮಾಡುವ ಕಲೆ ಬೇರೊಂದಿಲ್ಲ.

ನಸುಕಿನಲ್ಲಿ ಏಳುವುದು, ವಸ್ತಾದರ ಕಾಲು ಮುಟ್ಟಿ ದಂಡ, ಬಸ್ಕಿ ಹೊಡೆಯುವುದು, ಅನಂತರ ಹಾಲು, ತುಪ್ಪ, ಉತ್ತತ್ತಿ ತಿನ್ನುವುದು, ಇವು ನಿತ್ಯವಿಧಿಗಳು. ಮೂರನೆಯ ವಿಧಿಯನ್ನು ಪಾಲಿಸುವವರ ಸಂಖ್ಯೆ ಮೊದಲೆರಡನ್ನು ಪಾಲಿಸುವವರಿಗಿಂತ ಯಾವಾಗಲೂ ಹೆಚ್ಚು. ವರ್ಷಗಟ್ಟಲೆ ಹಿಡಿತಕ್ಕೆ ಸಿಕ್ಕ ಕಿವಿ ಮುದುಡಿಕೊಳ್ಳುತ್ತದೆ. ಇದು ಘಟಿಕೋತ್ಸವವಿಲ್ಲದೆ ದೊರೆಯುವ ಪ್ರಮಾಣಪತ್ರ. ನಕಲಿ ಮಾಡಲು ಬರುವುದಿಲ್ಲ. ಖಾಶಾಬಾ ಜಾಧವರು 1952ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ಕಂಚು ಗೆದ್ದು ಸ್ವತಂತ್ರ ಭಾರತದ ಮೊದಲ ವೈಯಕ್ತಿಕ ಪದಕ ತಂದದ್ದು ಈ ಕೃಷ್ಣಾತೀರದ ಮಣ್ಣಿನಿಂದಲೇ, ಹೊಳೆಯ ಮೇಲ್ದಂಡೆಯ ಕರಾಡ ಸೀಮೆಯಿಂದ. ಆಯ್ಕೆಯ ಸೂತ್ರ ಸರಳವಾಗಿದೆ: ಮನೆಯಲ್ಲಿ ಎರಡು ಎಮ್ಮೆ ಇದ್ದರೆ ಕುಸ್ತಿ, ಒಂದು ಎಮ್ಮೆ ಇದ್ದರೆ ಕರಾಟೆ, ಎಮ್ಮೆಯೇ ಇಲ್ಲದಿದ್ದರೆ ಪ್ರಾಣಾಯಾಮ.

ನಾಲ್ಕನೆಯದಾಗಿ, ಕರಾಟೆ. ಒಕಿನಾವಾ ದ್ವೀಪದ ಈ ವಿದ್ಯೆಯನ್ನು ಗಿಚಿನ್ ಫುನಾಕೋಶಿ 1922ರಲ್ಲಿ ಟೋಕಿಯೊದಲ್ಲಿ ಪ್ರದರ್ಶಿಸಿದರು. ಇದಕ್ಕೆ ಅಚ್ಚ ಬಿಳಿ ಉಡುಪು ಕಡ್ಡಾಯ. ಹುನಗುಂದದ ಎರೆಮಣ್ಣಿನ ಸೀಮೆಯಲ್ಲಿ ಬಿಳಿ ಉಡುಪನ್ನು ಬಿಳಿಯಾಗಿಯೇ ಇಡುವ ಹೋರಾಟ ತಾಯಿಯದು. ಬೆಲ್ಟ್ ಮಾತ್ರ ಮಗನಿಗೆ ಸಿಗುತ್ತದೆ. ಮೊದಲ ಹೊಡೆತ ತನ್ನದಾಗಬಾರದೆಂಬುದು ಫುನಾಕೋಶಿಯವರ ನಿಯಮ. ಇಬ್ಬರೂ ಕರಾಟೆ ಕಲಿತವರಾದರೆ ಜಗಳ ಆರಂಭವಾಗುವುದೇ ಇಲ್ಲ. ಮದುವೆ ಮನೆಯಲ್ಲಿ ಇಂಥ ಇಬ್ಬರು ಎದುರುಬದುರಾದಲ್ಲಿ ಅವರು ನಿಂತ ಭಂಗಿಯಲ್ಲೇ ಇರುವಾಗ ಕೊನೆಯ ಪಂಕ್ತಿ ಮುಗಿದು ಪಾತ್ರೆ ತೊಳೆಯಲು ಹಾಕಿರುತ್ತಾರೆ. ಕರಾಟೆಯು ಟೋಕಿಯೊ ಒಲಿಂಪಿಕ್ಸಿನಲ್ಲಿ ಒಮ್ಮೆ ಕಾಣಿಸಿಕೊಂಡು, 2024ರ ಪ್ಯಾರಿಸ್ ಹೊತ್ತಿಗೆ ಪಟ್ಟಿಯಿಂದ ಹೊರಬಿತ್ತು. ತರಗತಿಗೆ ಹೆಸರು ಹಚ್ಚಿದ ಯುವಕರ ಹಾಜರಾತಿಯೂ ಇದೇ ಕ್ರಮದಲ್ಲಿರುತ್ತದೆ.

ಕರಾಟೆಯ ಮುಖ್ಯ ಪ್ರದರ್ಶನ ಹಂಚು ಒಡೆಯುವುದು. ಈ ಸೀಮೆಯ ಹಳೆಯ ಮನೆಗಳು ಮಣ್ಣಿನ ಮಾಳಿಗೆಯವು. ಒಡೆಯಲು ಮೇಲೆ ಹಂಚಿರುವುದಿಲ್ಲ. ಮಂಗಳೂರು ಹಂಚನ್ನು ದುಡ್ಡು ಕೊಟ್ಟು ತಂದು, ದುಡ್ಡು ಕೊಟ್ಟದ್ದನ್ನು ಎಲ್ಲರೆದುರು ಒಡೆಯುವ ಕ್ರಮಕ್ಕೆ ಹಿರಿಯರ ಒಪ್ಪಿಗೆ ದೊರೆಯುವುದು ಕಷ್ಟ. ಸ್ಥಳೀಯ ಶಿಲೆಗಳನ್ನು ಪರಿಶೀಲಿಸಿದರೆ, ಬಾದಾಮಿಯ ಮರಳುಗಲ್ಲು ಮೃದುವಾದರೂ ಅದರ ಮೇಲೆ ಚಾಲುಕ್ಯರ ಕೆತ್ತನೆ ಇರುವ ಸಂಭವವಿದ್ದು, ಪುರಾತತ್ವ ಇಲಾಖೆ ಕೈಹಾಕುತ್ತದೆ. ಇಳಕಲ್ಲಿನ ಕೆಂಪು ಗ್ರಾನೈಟ್ ಯಥೇಚ್ಛವಾಗಿ ದೊರೆಯುತ್ತದೆ. ಅದನ್ನು ಅಂಗೈಯಿಂದ ಒಡೆಯಲು ಹೊರಟವರು ಆ ಕೈಯಲ್ಲಿ ಸಹಿ ಮಾಡಬೇಕಾದ ಕಾಗದಪತ್ರಗಳನ್ನು ಮೊದಲೇ ಮುಗಿಸಿಕೊಂಡಿರತಕ್ಕದ್ದು.

ಜೂಡೊ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಜಿಗೊರೊ ಕಾನೊ 1882ರಲ್ಲಿ ಆರಂಭಿಸಿದ ಈ ಕಲೆಯಲ್ಲಿ ಎದುರಾಳಿಯ ದಪ್ಪ ಅಂಗಿಯ ಕೊರಳಪಟ್ಟಿ ಹಿಡಿದು ಎಸೆಯಬೇಕು. ಬಾಗಲಕೋಟೆಯ ಏಪ್ರಿಲ್ ಬಿಸಿಲಿನಲ್ಲಿ ಬನಿಯನ್ನಿನಲ್ಲೇ ಬರುವ ಎದುರಾಳಿಗೆ ಮೊದಲು ಕೋಟು ತೊಟ್ಟು ಬರುವಂತೆ ವಿನಂತಿಸಿಕೊಳ್ಳಬೇಕಾಗುತ್ತದೆ.

ಯುವತಿಯರಿಗೆ ಪ್ರತ್ಯೇಕ ವ್ಯವಸ್ಥೆಯಿದೆ. ಚಿತ್ರದುರ್ಗದ ಕೋಟೆಯ ಕಿಂಡಿಯಲ್ಲಿ ಹೈದರಾಲಿಯ ಸೈನಿಕರನ್ನು ಒನಕೆಯಿಂದ ಬಡಿದುಹಾಕಿದ ಓಬವ್ವನ ಹೆಸರಿನಲ್ಲಿ ರಾಜ್ಯ ಸರ್ಕಾರವು ವಿದ್ಯಾರ್ಥಿನಿಯರಿಗೆ ಆತ್ಮರಕ್ಷಣೆಯ ತರಬೇತಿ ಯೋಜನೆ ನಡೆಸುತ್ತದೆ. ಅದರಲ್ಲಿ ಕರಾಟೆಯಿದೆ, ಒನಕೆಯಿಲ್ಲ. ಗಿರಣಿ ಬಂದ ಮೇಲೆ ಮನೆಗಳಲ್ಲೂ ಅದು ಅಪರೂಪವಾಗಿದೆ. ಆದರೆ ಚಿಂತೆಗೆ ಕಾರಣವಿಲ್ಲ. ಜೋಳದ ರೊಟ್ಟಿ ಬಡಿಯುವವರ ಅಂಗೈ ಹೊಡೆತವು ದಿನಂಪ್ರತಿ, ಬೆಂಕಿಯ ಎದುರು, ಒಂದೇ ಲಯದಲ್ಲಿ, ಗುರಿ ತಪ್ಪದೆ ನಡೆಯುತ್ತದೆ. ಇದಕ್ಕೆ ಬೆಲ್ಟ್ ಕೊಡುವ ಪದ್ಧತಿ ಬಂದಿಲ್ಲ. ಈ ಹೊಡೆತವನ್ನು ಬಲ್ಲವರು ಮನೆಯಲ್ಲೇ ಇರುವಾಗ ಯುವಕರು ಕಲಿಯಲು ಹೊರಗೆ ಹೋಗುವುದೇಕೆಂದರೆ, ಇಲ್ಲಿ ಕಲಿತರೆ ರೊಟ್ಟಿಯನ್ನೂ ಬಡಿಯಬೇಕಾಗುತ್ತದೆ.

ಐದನೆಯದಾಗಿ, ಸಂಗ್ರಾಣಿ ಕಲ್ಲು ಎತ್ತುವುದು. ಜಾತ್ರೆಗಳಲ್ಲಿ ಗುಂಡಾದ ಭಾರದ ಕಲ್ಲನ್ನು ನೆಲದಿಂದ ಎತ್ತಿ ಹೆಗಲಿಗೇರಿಸುವ ಈ ಪದ್ಧತಿಯಲ್ಲಿ ಎದುರಾಳಿ ಕಲ್ಲೇ ಆಗಿರುವುದರಿಂದ ಪೊಲೀಸ್ ಕೇಸು ಆಗುವುದಿಲ್ಲ. ಸೋತರೂ ಕಲ್ಲು ಊರಲ್ಲಿ ಹೇಳಿಕೊಂಡು ತಿರುಗುವುದಿಲ್ಲ. ಒಂದೇ ದೋಷವೆಂದರೆ, ಎತ್ತಿದವನ ಹೆಸರು ಊರಿಗೆಲ್ಲ ಗೊತ್ತಾಗಿ, ಮರುದಿನದಿಂದ ಗೊಬ್ಬರದ ಚೀಲ ಇಳಿಸುವಲ್ಲೆಲ್ಲ ಅವನಿಗೇ ಕರೆ ಬರುತ್ತದೆ.

ಆರನೆಯದಾಗಿ, ತರಗತಿಯ ದೂರ. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಊರಿನ ಒಂದು ಭಾಗ ಹೋದ ಮೇಲೆ ಬಾಗಲಕೋಟೆಯು ಹಳೆಯ ಪಟ್ಟಣ, ವಿದ್ಯಾಗಿರಿ, ನವನಗರವೆಂದು ಮೂರಾಗಿ ಹರಡಿಕೊಂಡಿದೆ. ತರಗತಿಯು ಯಾವಾಗಲೂ ಬೇವೂರಿನ ಬಸ್ಸು ನಿಲ್ಲದ ಭಾಗದಲ್ಲಿ ನಡೆಯುತ್ತದೆ. ಸಂಜೆ ಅಭ್ಯಾಸ ಮುಗಿಸಿ, ಸುಸ್ತಾದ ಮೈಯಲ್ಲಿ, ವಾಯವ್ಯ ಸಾರಿಗೆಯ ಕಡೆಯ ಬಸ್ಸಿನ ಬಾಗಿಲಲ್ಲಿ ಒಳಸೇರುವ ಆ ಎರಡು ನಿಮಿಷಗಳಲ್ಲಿ ಭುಜದ ಬಳಕೆ, ಕಾಲೂರುವಿಕೆ, ಉಸಿರಿನ ನಿಯಂತ್ರಣಗಳು ತಾವಾಗಿಯೇ ಸಿದ್ಧಿಸುತ್ತವೆ. ಕೆಲವು ತಿಂಗಳ ಬಳಿಕ ತರಗತಿಯನ್ನು ಬಿಟ್ಟು ಬಸ್ಸನ್ನಷ್ಟೇ ಮುಂದುವರಿಸಿದರೂ ಪ್ರಗತಿಯಲ್ಲಿ ವ್ಯತ್ಯಾಸ ಕಾಣುವುದಿಲ್ಲ.

ಕೊನೆಯದು, ಎಲ್ಲಕ್ಕಿಂತ ಕಠಿಣವಾದದ್ದು, ಕಣದ ದಂಡೆಯ ಕಲೆ. ಜಾತ್ರೆಯ ಕುಸ್ತಿಯಲ್ಲಿ ಮೊದಲು ಹುಡುಗರು ತೆಂಗಿನಕಾಯಿಗಾಗಿ ಹಿಡಿಯುತ್ತಾರೆ, ಕೊನೆಗೆ ದೊಡ್ಡ ಪೈಲ್ವಾನರು ಬೆಳ್ಳಿಯ ಕಡಗಕ್ಕಾಗಿ. ಈ ಎರಡರ ನಡುವಿನ ಅಷ್ಟೂ ಹೊತ್ತು ಹೆಗಲಿಗೆ ಟವೆಲ್, ಕೈಯಲ್ಲಿ ಶೇಂಗಾ ಹಿಡಿದು ದಂಡೆಯಲ್ಲಿ ಕುಳಿತವನೊಬ್ಬನು ಇಬ್ಬರಿಗೂ ಮಾರ್ಗದರ್ಶನ ಮಾಡುತ್ತಿರುತ್ತಾನೆ: "ಒಳಗ ಹೋಗಲೇ! ಕಾಲ ಹಿಡಿ, ಕಾಲ ಹಿಡಿ! ಏ, ಆ ಕಾಲ ಅಲ್ಲೋ!" ಗೆದ್ದವನು ಇವನ ಮಾತು ಕೇಳಿದ್ದರಿಂದ ಗೆದ್ದಿರುತ್ತಾನೆ, ಸೋತವನು ಕೇಳದ್ದರಿಂದ ಸೋತಿರುತ್ತಾನೆ. ಇವನ ಬೆನ್ನಿಗೆ ಮಣ್ಣು ಹತ್ತಿದ್ದನ್ನು ಕಂಡವರಿಲ್ಲ. ವಯಸ್ಸಿನ ಮಿತಿಯಿಲ್ಲದ, ಗಾಯವಿಲ್ಲದ, ಶೇಂಗಾದ ಹೊರತು ಬೇರೆ ಆಹಾರಕ್ರಮ ಬೇಡದ ಈ ಕಲೆಗೆ ಯಾವ ರಾಜನೂ ಗ್ರಂಥ ಬರೆದಿಲ್ಲ. ಬರೆದಿದ್ದರೆ ಇವನು ಅದರಲ್ಲೂ ತಪ್ಪು ತೋರಿಸುತ್ತಿದ್ದನು.

ಮೇಲಿನ ಎಲ್ಲವನ್ನೂ ತೂಗಿ ನೋಡಿದಾಗ ಕ್ರಮ ಹೀಗಾಗುತ್ತದೆ. ಮೈಯಿದ್ದವನು ಕುಸ್ತಿಗೆ, ಬಿಳಿ ಬಟ್ಟೆ ಒಗೆಯುವ ತಾಯಿಯಿದ್ದವನು ಕರಾಟೆಗೆ, ಇವೆರಡೂ ಇಲ್ಲದವನು ಕಲ್ಲಿಗೆ, ಉಳಿದ ಬಹುಸಂಖ್ಯಾತರು ದಂಡೆಗೆ ಸೇರತಕ್ಕದ್ದು. ಆಯ್ಕೆ ಯಾವುದೇ ಆಗಿರಲಿ, ಅಭ್ಯಾಸವನ್ನು ಅವಸರದಿಂದ ಆರಂಭಿಸದೆ ಮುಂಬರುವ ಯುಗಾದಿಯ ಪಾಡ್ಯದಿಂದಲೇ ಹಿಡಿಯುವುದು ಶ್ರೇಯಸ್ಕರ. ಯುಗಾದಿಯು ಪ್ರತಿ ವರ್ಷವೂ ಬರುತ್ತದೆ.